ಕೊಳದ ತುಂಬ ಪಾಂಡ್‌ವೀಡ್ ಬೆಳೆದಿದೆ, ಪೂರ್ತಿ ಕಿತ್ತು ಹಾಕಬೇಕಾ?

ತೋಟದಕೊಳ:
ನಮ್ಮ ತೋಟದಲ್ಲೊಂದು ಹಳೆಯ ಕೊಳ ಇದೆ. ಆಳ ಜಾಸ್ತಿ ಇಲ್ಲ, ನಡುವೆ ನಿಂತರೆ ಎದೆಮಟ್ಟ. ಈಚೆಗೆ ಅದರಲ್ಲಿ ದಾರದಂಥ ಎಲೆಗಳ ಗಿಡ ಎದ್ದಿದೆ. ತಳದಿಂದ ಬಂದು ನೀರಿನ ಮೇಲೆಲ್ಲ ಹರಡಿಕೊಂಡಿದೆ. ಫೋಟೊ ನೋಡಿದ ಒಬ್ಬರು ಸಾಗೊ ಪಾಂಡ್‌ವೀಡ್ ಅಂದರು. ಮನೆಯಲ್ಲಿ ಎಲ್ಲರೂ ಕಿತ್ತು ಹಾಕು ಅನ್ನುತ್ತಾರೆ. ಔಷಧಿ ಹೊಡಿ, ಇಲ್ಲಾಂದ್ರೆ ಹುಲ್ಲುಗೆಂಡೆ ಮೀನು ಬಿಡು ಅನ್ನುವವರೂ ಇದ್ದಾರೆ. ಆದರೆ ಗಿಡ ಬಂದ ಮೇಲೆ ನೀರು ತಿಳಿಯಾಗಿದೆ. ಮೊದಲು ಸದಾ ಕದಡಿಕೊಂಡೇ ಇರುತ್ತಿತ್ತು. ಏನು ಮಾಡಲಿ?

ನೀರಗಿಡ:
ದಯವಿಟ್ಟು ಪೂರ್ತಿ ಕೀಳಬೇಡಿ. ನೀರು ತಿಳಿಯಾಗಿರುವುದರಲ್ಲಿ ಆ ಗಿಡದ ಪಾಲು ದೊಡ್ಡದು.

ಮೊದಲು ಗಿಡ ಅದೇನಾ ನೋಡಿಕೊಳ್ಳಿ. ಒಂದು ಎಲೆ ಹಿಡಿದು ಮೆಲ್ಲಗೆ ಕಾಂಡದಿಂದ ಬಿಡಿಸಿ. ಸಾಗೊ ಆದರೆ ಕಾಂಡವನ್ನು ಸುತ್ತಿಕೊಂಡ ತೆಳು ಪೊರೆಯೂ ಎಲೆಯ ಜೊತೆಗೇ ಬರುತ್ತದೆ, ಹುಲ್ಲಿನ ಗರಿ ಸುಲಿದ ಹಾಗೆ. ಪೊರೆ ಮುಗಿಯುವ ಕಡೆ ನಾಲಿಗೆಯಂಥ ಸಣ್ಣ ಚೂರು ಕಾಣುತ್ತದೆ. ಉಳಿದ ಬಹುತೇಕ ಸಣ್ಣೆಲೆಯ ಪಾಂಡ್‌ವೀಡ್‌ಗಳಲ್ಲಿ ಪೊರೆ ಎಲೆಗೆ ಹೀಗೆ ಅಂಟಿರುವುದಿಲ್ಲ. ಲಿನೇಯಸ್ 1753ರಲ್ಲಿ ಇದಕ್ಕೆ ಪೊಟಮೊಗೆಟಾನ್ ಪೆಕ್ಟಿನೇಟಸ್ ಅಂತ ಹೆಸರಿಟ್ಟ. ಈಗ ಸ್ಟಕೇನಿಯಾ ಪೆಕ್ಟಿನೇಟಾ ಅನ್ನುತ್ತಾರೆ. ಹಳೆಯ ಪುಸ್ತಕಗಳಲ್ಲಿ ಹುಡುಕುವಾಗ ಎರಡೂ ಹೆಸರು ನೆನಪಿರಲಿ. ಅಂಟಾರ್ಕ್ಟಿಕಾ ಬಿಟ್ಟು ಎಲ್ಲ ಖಂಡಗಳಲ್ಲೂ ಇರುವ ಗಿಡ ಇದು.

ಈಗ ನೀರಿನ ವಿಷಯ. ಇದರ ಬೇರು ತಳದ ಕೆಸರನ್ನು ಹಿಡಿದುಕೊಳ್ಳುತ್ತದೆ. ಗಾಳಿಗೆ ಏಳುವ ಅಲೆಯ ಜೋರು ಗಿಡಗಳ ನಡುವೆ ತಗ್ಗುತ್ತದೆ, ತೇಲುವ ಮಣ್ಣು ಕೆಳಗೆ ಕೂರುತ್ತದೆ. ಡಾಫ್ನಿಯಾದಂಥ ಸಣ್ಣ ಜೀವಿಗಳು ಹಗಲಲ್ಲಿ ಮೀನಿನ ಕಣ್ಣಿಗೆ ಬೀಳದೆ ಇದರೊಳಗೆ ಅಡಗಿರುತ್ತವೆ. ನೀರನ್ನು ಹಸಿರು ಮಾಡುವ ತೇಲುಪಾಚಿಯನ್ನು ತಿನ್ನುವುದು ಇವೇ. ಎಲೆಯ ಮೇಲೆ ಅಂಟುವ ಪಾಚಿಯನ್ನು ಬಸವನಹುಳು ಕೆರೆದು ತಿನ್ನುತ್ತದೆ. ನೀರು ತಿಳಿಯಾದಷ್ಟೂ ಬೆಳಕು ತಳಕ್ಕೆ ಹೋಗುತ್ತದೆ, ಗಿಡ ಇನ್ನೂ ಚೆನ್ನಾಗಿ ಬರುತ್ತದೆ.

ಗಿಡ ಹೋದರೆ ಇದೆಲ್ಲ ತಿರುಗುಮುರುಗು. ಆಳವಿಲ್ಲದ ಕೆರೆಗಳು ಒಂದೋ ಗಿಡ ತುಂಬಿದ ತಿಳಿನೀರಲ್ಲಿ, ಇಲ್ಲವೇ ಪಾಚಿ ತುಂಬಿದ ಕದಡಿದ ನೀರಲ್ಲಿ ನೆಲೆ ನಿಲ್ಲುತ್ತವೆ ಅಂತ ಡಚ್ ಪರಿಸರ ವಿಜ್ಞಾನಿ ಮಾರ್ಟೆನ್ ಸ್ಕೆಫರ್ ಮತ್ತು ಜೊತೆಯವರು 1993ರಲ್ಲಿ ವಿವರಿಸಿದರು. ಒಮ್ಮೆ ಕದಡಿದ ಕಡೆಗೆ ಜಾರಿದರೆ ವಾಪಸ್ ತರುವುದು ಕಷ್ಟ. ನೆದರ್‌ಲ್ಯಾಂಡ್ಸ್‌ನ ವೆಲುವೆಮೇರ್ ಕೆರೆಗೆ 1960ರ ದಶಕದ ಕೊನೆಯಲ್ಲಿ ಹಾಗಾಯಿತು. 1979ರಲ್ಲಿ ಪಾಚಿಗೆ ಗೊಬ್ಬರವಾಗುವ ರಂಜಕ (ಫಾಸ್ಫರಸ್) ಬಂದು ಸೇರುವುದನ್ನು ತಗ್ಗಿಸಿದರೂ ತಿಳಿನೀರು ಮರಳುವುದಕ್ಕೆ ಹತ್ತು ವರ್ಷಕ್ಕೂ ಜಾಸ್ತಿ ಹಿಡಿಯಿತು. ನಿಮಗೆ ಆ ತಿಳಿನೀರು ತಾನಾಗಿಯೇ ಸಿಕ್ಕಿದೆ. ಉಳಿಸಿಕೊಳ್ಳಿ.

ಮೀನುಸಾಕಣೆ:
ಮೇಲಿನವರ ಮಾತು ಸರಿ. ಔಷಧಿಯ ಬಗ್ಗೆ ನಾನು ಹೇಳುತ್ತೇನೆ. ಇಷ್ಟು ಗಿಡ ಒಟ್ಟಿಗೆ ಸತ್ತರೆ ಒಟ್ಟಿಗೇ ಕೊಳೆಯುತ್ತದೆ, ಕೊಳೆಯುವಾಗ ನೀರಿನ ಆಮ್ಲಜನಕ ಎಳೆದುಕೊಳ್ಳುತ್ತದೆ. ಬಿಸಿಲುಗಾಲದಲ್ಲಿ ಇದು ಇನ್ನೂ ಅಪಾಯ, ಯಾಕೆಂದರೆ ಬಿಸಿ ನೀರಲ್ಲಿ ಆಮ್ಲಜನಕ ಮೊದಲೇ ಕಡಿಮೆ. ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಅದೇ ಸೂಚನೆ.

ಹುಲ್ಲುಗೆಂಡೆಗೆ ಈ ಗಿಡ ಬಹಳ ಇಷ್ಟ. ಹೆಚ್ಚು ಬಿಟ್ಟರೆ ಒಂದು ಎಳೆಯೂ ಉಳಿಯುವುದಿಲ್ಲ. ಗಿಡದಲ್ಲಿದ್ದ ಸಾರವೆಲ್ಲ ಹಿಕ್ಕೆಯಾಗಿ ನೀರಿಗೇ ಬರುತ್ತದೆ, ಅದನ್ನು ಪಾಚಿ ಹಿಡಿಯುತ್ತದೆ.

ಹಾಗಂತ ಕೊಳ ಪೂರ್ತಿ ಮುಚ್ಚಿಕೊಳ್ಳಲು ಬಿಡುವುದೂ ಬೇಡ. ಗಿಡವೂ ರಾತ್ರಿ ಉಸಿರಾಡುತ್ತದೆ. ನಡುವೆ ದಾರಿ ಬಿಟ್ಟ ಹಾಗೆ ಅಲ್ಲಲ್ಲಿ ಕುಡುಗೋಲಿನಿಂದ ಕೊಯ್ದು, ಕೊಯ್ದದ್ದನ್ನು ದಡದಿಂದ ದೂರ ಹಾಕಿ. ನೀರಲ್ಲೇ ಬಿಟ್ಟರೆ ಕೊಯ್ದೂ ಸುಮ್ನೆ.

ಹಕ್ಕಿನೋಟ:
ಕೆಸರಲ್ಲಿ ಕೈಯಾಡಿಸಿ ನೋಡಿ, ಬೇರಿನ ತುದಿಯಲ್ಲಿ ಕಡಲೆಕಾಳಿನಷ್ಟು ಬಿಳಿ ಗೆಡ್ಡೆಗಳು ಸಿಗಬಹುದು. ಹಿಟ್ಟು ತುಂಬಿದ ಆ ಗೆಡ್ಡೆಗಾಗಿ ಬ್ಯೂವಿಕ್ ಹಂಸಗಳು ವಲಸೆಯ ದಾರಿಯಲ್ಲಿ ಇಳಿದು ಕೆಸರು ಕೆದಕುತ್ತವೆ. ಬಾತುಗಳು ಬೀಜ, ಗೆಡ್ಡೆ ಎರಡನ್ನೂ ತಿನ್ನುತ್ತವೆ. ನಾಮದಕೋಳಿಗೆ ಎಲೆಯೂ ಸಾಕು. ಬಾತಿನ ಹೊಟ್ಟೆಯಲ್ಲಿ ಅರಗದೆ ಉಳಿದ ಬೀಜ ಬೇರೆ ಕೆರೆಯಲ್ಲಿ ಬಿದ್ದು ಮೊಳೆಯುತ್ತದೆ. ನಿಮ್ಮ ಕೊಳಕ್ಕೂ ಹಾಗೇ ಬಂದಿರಬಹುದು ಅಲ್ವಾ?

ತೋಟದಕೊಳ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎಲೆ ಬಿಡಿಸಿ ನೋಡಿದೆ, ಪೊರೆ ಜೊತೆಗೇ ಬಂತು. ಇನ್ನೊಂದು ಸಂದೇಹ. ಎಲೆಗಳ ಮೇಲೆ ಬೂದುಬಿಳಿ ಪುಡಿ ಕೂತಿದೆ, ಉಜ್ಜಿದರೆ ಮರಳಿನ ಹಾಗೆ ತರಿತರಿ. ಗಿಡಕ್ಕೆ ರೋಗವಾ?

ನೀರಗಿಡ:
ರೋಗ ಅಲ್ಲ, ಅದು ಸುಣ್ಣ ಇರಬೇಕು. ನಿಮ್ಮದು ಗಡಸು ನೀರು ಅನ್ನಿಸುತ್ತದೆ. ನೀರಲ್ಲಿ ಇಂಗಾಲದ ಡೈಆಕ್ಸೈಡ್ ಸಾಲದಾದಾಗ ಈ ಗಿಡ ಬೈಕಾರ್ಬೊನೇಟ್ ಬಳಸಿಕೊಂಡು ಆಹಾರ ತಯಾರಿಸುತ್ತದೆ. ಆಗ ಎಲೆಯ ಸುತ್ತ ಕ್ಷಾರ ಹೆಚ್ಚಿ ಕ್ಯಾಲ್ಸಿಯಂ ಕಾರ್ಬೊನೇಟ್ ಎಲೆಗೆ ಕಟ್ಟುತ್ತದೆ. ಒಂದು ಹನಿ ವಿನೆಗರ್ ಬಿಡಿ, ಗುಳ್ಳೆ ಎದ್ದರೆ ಸುಣ್ಣವೇ. ಕಟ್ಟುವಾಗ ನೀರಿನ ರಂಜಕವೂ ಸ್ವಲ್ಪ ಅದರ ಜೊತೆ ಸೇರಿಕೊಳ್ಳುತ್ತದೆ, ಪಾಚಿಗೆ ಅಷ್ಟು ಕಡಿಮೆ ಸಿಗುತ್ತದೆ. ತೊಳೆಯುವುದೇನೂ ಬೇಡ. ಕೊಯ್ಯುವಾಗ ಬೇರು, ಗೆಡ್ಡೆ ಮಾತ್ರ ತಳದಲ್ಲೇ ಇರಲಿ.