ಬೈತಲೆ ಅಗಲ ಆಗುತ್ತಿದೆ, ಪಿಆರ್‌ಪಿ ಮಾಡಿಸಬಹುದಾ?

ನೀಲಿಆಕಾಶ:
ಎರಡು ವರ್ಷದಿಂದ ಬೈತಲೆ ಅಗಲ ಆಗುತ್ತಾ ಬಂದಿದೆ, ಜಡೆ ಅರ್ಧ ಆಗಿದೆ. ಒಂದು ಕ್ಲಿನಿಕ್‌ನಲ್ಲಿ ತೋರಿಸಿದೆ. ಐದು ನಿಮಿಷ ನೋಡಿ, ತಿಂಗಳಿಗೊಂದರಂತೆ ಆರು ಸಿಟಿಂಗ್ ಪಿಆರ್‌ಪಿ (ನಮ್ಮದೇ ರಕ್ತದ ಒಂದು ಭಾಗ ಬೇರ್ಪಡಿಸಿ ತಲೆಗೆ ಚುಚ್ಚುವ ಚಿಕಿತ್ಸೆ) ಮಾಡಿಸಿ, ಮುಖದ ಮೊಡವೆ ಗುಳಿಗಳಿಗೂ ಅದನ್ನೇ ಹಾಕುತ್ತೇವೆ ಎಂದರು. ರಕ್ತ ಪರೀಕ್ಷೆ ಏನೂ ಬರೆದುಕೊಡಲಿಲ್ಲ. ನಿಮ್ಮದೇ ರಕ್ತ ಅಲ್ವಾ, ಏನೂ ಆಗಲ್ಲ ಅಂದರು. ತುಂಬಾ ನೋವಾಗುತ್ತಾ? ಕೂದಲು ನಿಜಕ್ಕೂ ಬರುತ್ತಾ?

ಬೆಳಗಿನಜಾವ:
ನಾನು ತಿಂಗಳಿಗೊಮ್ಮೆಯಂತೆ ಮೂರು ಸಲ ಮಾಡಿಸಿದೆ. ಮರಗಟ್ಟುವ ಕ್ರೀಮ್ ಹಚ್ಚಿದ್ದರೂ ಹಣೆಯ ಹತ್ತಿರ ಚುಚ್ಚುವಾಗ ಕಣ್ಣಲ್ಲಿ ನೀರು ಬಂತು, ಸುಳ್ಳು ಹೇಳುವುದಿಲ್ಲ. ಎರಡು ದಿನ ತಲೆ ಬಿಗಿದುಕೊಂಡಿತ್ತು. ನಾಲ್ಕನೇ ತಿಂಗಳಿಗೆ ಉದುರುವುದು ಕಡಿಮೆ ಆಯಿತು, ತೆಳ್ಳಗಿದ್ದ ಕೂದಲು ಸ್ವಲ್ಪ ದಪ್ಪ ಆಯಿತು. ಆದರೆ ನೆತ್ತಿಯಲ್ಲಿ ಪೂರ್ತಿ ಬೋಳಾಗಿದ್ದ ಕಡೆ ಒಂದು ಎಳೆಯೂ ಬರಲಿಲ್ಲ. ಬೇರು ಉಳಿದಿದ್ದರೆ ಮಾತ್ರ ಇದು ಕೆಲಸ ಮಾಡುತ್ತದೆ. ಜೊತೆಗೆ ಕೂದಲು ಬೆಳೆಯಲು ಹಚ್ಚುವ ಔಷಧಿ ಮಿನಾಕ್ಸಿಡಿಲ್ ಕೂಡ ಹಚ್ಚುತ್ತಿದ್ದೆ, ಹಾಗಾಗಿ ಯಾವುದರಿಂದ ಎಷ್ಟು ಅನುಕೂಲ ಆಯಿತು ಅಂತ ಬಿಡಿಸಿ ಹೇಳಲಾರೆ. ಮೂರಕ್ಕೇ ಮುಗಿಯುವುದಿಲ್ಲ, ವರ್ಷಕ್ಕೆ ಒಂದೆರಡು ಸಲ ಮತ್ತೆ ಮಾಡಿಸಬೇಕು, ಅದನ್ನು ಮೊದಲೇ ತಿಳಿದುಕೊಂಡಿರಿ.

ಲ್ಯಾಬ್‌ಕೆಲಸ:
ದಯವಿಟ್ಟು ಮೊದಲು ಹಿಮೋಗ್ಲೋಬಿನ್, ಫೆರಿಟಿನ್ (ದೇಹದಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಅಂತ ತೋರಿಸುವ ರಕ್ತ ಪರೀಕ್ಷೆ), ಥೈರಾಯ್ಡ್ ನೋಡಿಸಿ. ಕಬ್ಬಿಣದ ಅಂಶ ಕಡಿಮೆ ಇದ್ದು ಕೂದಲು ಉದುರುತ್ತಿದ್ದರೆ ಆರು ಸಲ ಸೂಜಿ ಚುಚ್ಚಿಸಿಕೊಂಡು ಏನು ಪ್ರಯೋಜನ?

ಇನ್ನು ಪಿಆರ್‌ಪಿ ಬಗ್ಗೆ. ರಕ್ತ ತೆಗೆದು ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿದರೆ ಕೆಂಪು ಕಣ ತಳಕ್ಕೆ ಇಳಿಯುತ್ತದೆ, ಹಳದಿ ಪ್ಲಾಸ್ಮಾ ಮೇಲೆ ನಿಲ್ಲುತ್ತದೆ. ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸುವ ಸಣ್ಣ ಕಣ) ಹೆಚ್ಚಿರುವ ಪ್ಲಾಸ್ಮಾವೇ ಪಿಆರ್‌ಪಿ. ಮಾಮೂಲಿ ರಕ್ತದಲ್ಲಿ ಒಂದು ಮೈಕ್ರೋಲೀಟರಿಗೆ 1.5ರಿಂದ 4.5 ಲಕ್ಷ ಪ್ಲೇಟ್‌ಲೆಟ್ ಇರುತ್ತವೆ, ಒಳ್ಳೆಯ ಪಿಆರ್‌ಪಿಯಲ್ಲಿ ಸುಮಾರು 10 ಲಕ್ಷ ಇರಬೇಕು. ತಿರುಗಿಸುವ ವೇಗ, ಸಮಯ ಸರಿ ಇಲ್ಲದಿದ್ದರೆ ನಿಮ್ಮ ತಲೆಗೆ ಹೋಗುವುದು ಬರೀ ಪ್ಲಾಸ್ಮಾ. ಹಾಗಾಗಿ ಎಷ್ಟು ರಕ್ತ ತೆಗೆಯುತ್ತೀರಿ, ಹೇಗೆ ತಿರುಗಿಸುತ್ತೀರಿ ಅಂತ ಕೇಳಿ, ಕೇಳುವುದು ತಪ್ಪಲ್ಲ.

"ನಿಮ್ಮದೇ ರಕ್ತ" ಅನ್ನೋದು ಆ ಟ್ಯೂಬ್ ನಿಜವಾಗಿ ನಿಮ್ಮದೇ ಆಗಿದ್ದರೆ ಮಾತ್ರ ಸರಿ. 2018ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ, ಲೈಸೆನ್ಸ್ ಇಲ್ಲದ ಸ್ಪಾ ಒಂದರಲ್ಲಿ ಮುಖಕ್ಕೆ ಇದೇ ಚಿಕಿತ್ಸೆ ಮಾಡಿಸಿಕೊಂಡವರಿಗೆ ಎಚ್‌ಐವಿ ತಗುಲಿದ್ದು ಗೊತ್ತಾಯಿತು. ಹೆಸರು ಬರೆಯದ ರಕ್ತದ ಟ್ಯೂಬ್‌ಗಳು ಅಲ್ಲಿ ಅಡುಗೆ ಫ್ರಿಡ್ಜ್‌ನಲ್ಲಿದ್ದವು. ಹೊಸ ಸೂಜಿಯ ಪ್ಯಾಕೆಟ್ ನಿಮ್ಮ ಕಣ್ಣೆದುರೇ ಒಡೆಯಲಿ, ಟ್ಯೂಬ್ ಮೇಲೆ ನಿಮ್ಮ ಹೆಸರಿರಲಿ.

ನೀಲಿಆಕಾಶ:
ನನಗೆ ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುತ್ತದೆ. ಇದನ್ನು ಕ್ಲಿನಿಕ್‌ನಲ್ಲಿ ಯಾರೂ ಕೇಳಲೇ ಇಲ್ಲ. ನಾಳೆಯೇ ಫೆರಿಟಿನ್ ಕೊಡುತ್ತೇನೆ. ಮುಖದ್ದು?

ಲ್ಯಾಬ್‌ಕೆಲಸ:
ಗುಳಿ ಬಿದ್ದ ಕಲೆಗಳಿಗೆ ಮೈಕ್ರೋನೀಡ್ಲಿಂಗ್ (ಸಣ್ಣ ಸಣ್ಣ ಸೂಜಿಗಳಿಂದ ಚರ್ಮ ಚುಚ್ಚುವುದು) ಜೊತೆ ಪಿಆರ್‌ಪಿ ಕೊಡುತ್ತಾರೆ, ಸ್ವಲ್ಪ ಅನುಕೂಲ ಆಗುತ್ತದೆ. ಆದರೆ ಅದಕ್ಕೆ ಅವಸರ ಇಲ್ಲ. ಇನ್ನೊಂದು ಮಾತು, ಹೊಟ್ಟೆನೋವಿಗೆ ಐಬುಪ್ರೊಫೇನ್ ತೆಗೆದುಕೊಳ್ಳುತ್ತಿದ್ದರೆ ಡಾಕ್ಟರಿಗೆ ಹೇಳಿ, ಅದು ಪ್ಲೇಟ್‌ಲೆಟ್ ಕೆಲಸಕ್ಕೆ ಅಡ್ಡ ಬರುತ್ತದೆ. ಪಿಆರ್‌ಪಿಗೆ ಕೆಲವು ದಿನ ಮುಂಚೆಯೇ ನಿಲ್ಲಿಸಲು ಹೇಳುತ್ತಾರೆ.