ಸಹಾಯ ಬೇಕು: ಮಗಳ ನಾಣ್ಯ ಸಂಗ್ರಹ ಹೇಗೆ ಶುರು ಮಾಡಲಿ?

ಎಲ್ಲರಿಗೂ ನಮಸ್ಕಾರ. ಆರು ವರ್ಷದ ಮಗಳಿಗೆ ನಾಣ್ಯದ ಹುಚ್ಚು ಹತ್ತಿದೆ. ಚಿಲ್ಲರೆ ಸಿಕ್ಕರೆ ಸಾಕು, ಭೂತಗನ್ನಡಿ ಹಿಡಿದು ಇಸವಿ ಓದುತ್ತಾಳೆ, ಟಂಕಸಾಲೆಯ ಪುಟ್ಟ ಗುರುತು ಹುಡುಕುತ್ತಾಳೆ. ಈ ಆಸಕ್ತಿ ಆರಬಾರದು, ಖರ್ಚೂ ಮಿತಿಮೀರಬಾರದು. ಚಲಾವಣೆಯ ನಾಣ್ಯಗಳನ್ನೇ ಇಸವಿವಾರು ಜೋಡಿಸುವುದು ಒಳ್ಳೆಯದೋ, ಪ್ರಾಣಿ-ಪಕ್ಷಿ ಚಿತ್ರವಿರುವ ಬೇರೆ ಬೇರೆ ದೇಶದ ನಾಣ್ಯಗಳೋ? ತೂಕದ ಲೆಕ್ಕದಲ್ಲಿ ಸಿಗುವ ಮಿಶ್ರ ನಾಣ್ಯ ಕೊಂಡವರಿದ್ದರೆ ಅನುಭವ ಹೇಳಿ.

ಉಜ್ಜಿ ಹೊಳಪು ಬರಿಸಬಾರದು, ಅಂಚು ಹಿಡಿದೇ ಎತ್ತಬೇಕು ಅಂತ ಕಲಿಸಿದ್ದೇನೆ, ಚಾಚೂ ತಪ್ಪದೆ ಪಾಲಿಸುತ್ತಾಳೆ. ಪಿವಿಸಿ ಹಾಳೆಯಲ್ಲಿಟ್ಟರೆ ಕಾಲಕ್ರಮೇಣ ಹಸಿರು ಅಂಟು ಕಟ್ಟುತ್ತದೆ, ಅದು ಬೇಡ. ಅವಳೇ ತೆಗೆದು ಹಾಕಲು ಬರುವಂಥ ಆಲ್ಬಮ್ ಯಾವುದಿದೆ? ತಮ್ಮನಿಗಿನ್ನೂ ಎರಡು ವರ್ಷ, ಸಿಕ್ಕಿದ್ದೆಲ್ಲ ಬಾಯಿಗೇ. ಅವನ ಕೈಗೆ ತೆರೆಯಲು ಬಾರದಂಥದ್ದೇ ಆಗಬೇಕು.