ಲಿಗೆಟಿಯವರ ಸಂಸ್ಮರಣೆಗೆ ಪ್ರವಾಸದಲ್ಲಿ ಒಂದೇ ಕೃತಿ ಸಾಕೇ?

ಪ್ರಶ್ನೆ:
ಸಿಂಫನಿ ಆರ್ಕೆಸ್ಟ್ರಾಗಳು ಪ್ರವಾಸದ ಕಛೇರಿಗಳಲ್ಲಿ ಹಂಗೇರಿ ಮೂಲದ ಸಂಯೋಜಕ ಗ್ಯೋರ್ಗಿ ಲಿಗೆಟಿಯವರನ್ನು (1923–2006) ಗೌರವಿಸುವಾಗ ಅನೇಕ ವೇಳೆ ಸುಮಾರು 9 ನಿಮಿಷಗಳ ‘ಆಟ್ಮೋಸ್ಫೇರ್’ ಒಂದನ್ನೇ ನುಡಿಸಿ, ಉಳಿದ ಸಂಜೆಯನ್ನೆಲ್ಲ ಹತ್ತೊಂಬತ್ತನೆಯ ಶತಮಾನದ ದೊಡ್ಡ ಕೃತಿಗಳಿಗೆ ಬಿಟ್ಟುಕೊಡುತ್ತವೆ. ಹಿಡಿದುಕೊಳ್ಳಲು ರಾಗದ ಎಳೆಯಾಗಲಿ, ಎಣಿಸಲು ತಾಳವಾಗಲಿ ಸಿಗದ ಈ ಕೃತಿಯನ್ನು ಮೊದಲ ಬಾರಿ ಕೇಳುವವರು ಯಾವುದರ ಮೇಲೆ ಗಮನವಿಡಬೇಕು? ಇದೊಂದರಿಂದಲೇ ಅವರ ಪರಿಚಯವಾಗುತ್ತದೆಯೇ?

ಉತ್ತರ 1:
ನಾದದ ಬಣ್ಣವನ್ನು ಗಮನಿಸಿ, ಅದು ದಟ್ಟವಾಗುತ್ತ ತೆಳುವಾಗುತ್ತ ಬದಲಾಗುವ ಬಗೆಯನ್ನು ಗಮನಿಸಿ. ಆರಂಭದಲ್ಲಿ ಹಲವು ಸ್ಥಾಯಿಗಳಿಗೆ ಹರಡಿದ ಸ್ವರರಾಶಿಯೊಂದು ಬಹಳ ಮೆಲ್ಲಗೆ, ಒಟ್ಟಿಗೇ ಹುಟ್ಟುತ್ತದೆ. ಮುಂದೆ ಪಿಕೊಲೊಗಳು (ಪುಟ್ಟ ಕೊಳಲುಗಳು) ಕಿವಿ ಚುಚ್ಚುವಷ್ಟು ಮೇಲೇರಿದ ಮರುಕ್ಷಣವೇ ಸಂಗೀತ ಡಬಲ್ ಬಾಸ್‌ಗಳ ಆಳಕ್ಕೆ ಬೀಳುತ್ತದೆ. ಅನಂತರ ಹತ್ತಾರು ತಂತಿವಾದ್ಯಗಳು ಒಂದೇ ಸ್ವರಸಾಲನ್ನು ಒಂದರ ಹಿಂದೊಂದು ಅನುಸರಿಸಿದರೂ, ಎಳೆಗಳು ಎಷ್ಟು ಒತ್ತಾಗಿ ಹೆಣೆದುಕೊಂಡಿವೆಯೆಂದರೆ ಯಾವೊಂದೂ ಬಿಡಿಯಾಗಿ ಕೇಳಿಸದು. ಲಿಗೆಟಿಯವರು ಈ ವಿಧಾನವನ್ನು ಮೈಕ್ರೊಪಾಲಿಫನಿ ಎಂದರು. ತಾಳವಾದ್ಯ ಒಂದೂ ಇಲ್ಲ, ಪಿಯಾನೋದಲ್ಲಿಯೂ ಒಳಗಿನ ತಂತಿಗಳನ್ನು ಸವರುತ್ತಾರಷ್ಟೆ. ಕೊನೆಯ ಮೌನವೂ ಕೃತಿಯ ಭಾಗ, ದಯವಿಟ್ಟು ಅವಸರದಲ್ಲಿ ಚಪ್ಪಾಳೆ ತಟ್ಟಬೇಡಿ. 1961ರಲ್ಲಿ ಜರ್ಮನಿಯ ಡೊನೌಎಶಿಂಗೆನ್‌ನಲ್ಲಿ ಹಾನ್ಸ್ ರೋಸ್‌ಬೌಡ್ ಅವರ ನಿರ್ದೇಶನದಲ್ಲಿ ಮೊದಲು ನುಡಿಸಿದಾಗ ಶ್ರೋತೃಗಳು ಒತ್ತಾಯಿಸಿ ಇನ್ನೊಮ್ಮೆ ನುಡಿಸಿಕೊಂಡರು.

ಉತ್ತರ 2:
ಪ್ರವಾಸದಲ್ಲಿ ಇದನ್ನು ನುಡಿಸುವುದು ಸುಲಭವೆಂದು ಯಾರೂ ಭಾವಿಸಬಾರದು. 56 ತಂತಿವಾದಕರಿಗೂ ಪ್ರತ್ಯೇಕ ಸ್ವರಭಾಗವಿರುವುದರಿಂದ ಪಕ್ಕದವರನ್ನು ನೆಚ್ಚಿಕೊಳ್ಳುವಂತಿಲ್ಲ. ಜೊತೆಗೆ ಪ್ರತಿಯೊಂದು ಹೊಸ ಸಭಾಂಗಣದಲ್ಲಿಯೂ ಮೆಲುದನಿಯ ಮಟ್ಟವನ್ನು ಮತ್ತೆ ಹೊಂದಿಸಿಕೊಳ್ಳಬೇಕು. ಆರ್ಕೆಸ್ಟ್ರಾ ನಿರ್ದೇಶಕ ಸೈಮನ್ ರಾಟಲ್ ಅವರು ಬರ್ಲಿನ್ ಫಿಲ್ಹಾರ್ಮೋನಿಕ್ ಜೊತೆ ಈ ಕೃತಿಯಿಂದ ನಿಲ್ಲದೆ ಹತ್ತೊಂಬತ್ತನೆಯ ಶತಮಾನದ ವಾಗ್ನರ್ ಅವರ ‘ಲೋಹೆನ್‌ಗ್ರಿನ್’ ಒಪೆರಾದ ಪೀಠಿಕೆಗೆ ಸಾಗಿದ್ದುಂಟು. ಹಳೆಯದರ ಪಕ್ಕದಲ್ಲಿ ಇಡುವುದು ಇಂಥ ವಿವೇಚನೆಯಿಂದ ಆದರೆ ಅದೂ ಗೌರವವೇ.

ಉತ್ತರ 3:
ಅದನ್ನು ಒಪ್ಪುತ್ತೇನೆ, ಆದರೆ ಒಬ್ಬ ಸಂಯೋಜಕರ ಬದುಕು 9 ನಿಮಿಷಗಳಲ್ಲಿ ಅಡಗುವುದಿಲ್ಲ. ಹಂಗೇರಿಯಲ್ಲಿದ್ದಾಗ 1951ರಲ್ಲಿ ಬರೆದ, ಜನಪದ ಧಾಟಿಗಳ ‘ಕೊನ್ಸರ್ಟ್ ರೊಮನೆಸ್ಕ್’ ಅಂದಿನ ಅಧಿಕಾರಿಗಳಿಗೆ ಹಿಡಿಸದೆ, 1971ರವರೆಗೆ ಸಾರ್ವಜನಿಕ ಕಛೇರಿಯನ್ನು ಕಾಣಲಿಲ್ಲ; ಅಷ್ಟರಲ್ಲಿ ಅವರು 1956ರ ದಂಗೆಯ ದಮನದ ನಂತರ ದೇಶ ತೊರೆದಾಗಿತ್ತು. ಅದರ ಮೂರನೆಯ ಭಾಗದಲ್ಲಿ ಹಾರ್ನ್‌ಗಳು ಸಹಜ ಶ್ರುತಿಯಲ್ಲಿ, ಅಂದರೆ ಮೂಲ ಸ್ವರದಿಂದ ತಾನಾಗಿ ಹುಟ್ಟುವ ಮೇಲಿನ ಸ್ವರಗಳ (ಅನುಸ್ವರಗಳ) ಶ್ರುತಿಯಲ್ಲಿ, ಒಂದಕ್ಕೊಂದು ದೂರದಿಂದ ಓಗೊಡುತ್ತವೆ. ಅದೇ ಸಹಜ ಶ್ರುತಿಯ ಹಂಬಲ ನಾಲ್ಕು ದಶಕಗಳ ನಂತರದ ವಯಲಿನ್ ಕನ್ಸರ್ಟೊದಲ್ಲಿ (ಏಕವ್ಯಕ್ತಿ ವಯಲಿನ್ ಮತ್ತು ಆರ್ಕೆಸ್ಟ್ರಾದ ಕೃತಿ) ಮರಳುತ್ತದೆ: ಅಲ್ಲಿ ಆರ್ಕೆಸ್ಟ್ರಾದ ಒಂದು ವಯಲಿನ್ ಮತ್ತು ಒಂದು ವಿಯೋಲಾದ ಶ್ರುತಿಯನ್ನು ಡಬಲ್ ಬಾಸ್‌ನ ಅನುಸ್ವರಗಳಿಗೆ ಹೊಂದಿಸಲಾಗುತ್ತದೆ, ಗಾಳಿವಾದ್ಯದವರು ಒಕರಿನಾಗಳನ್ನೂ (ಅಂಡಾಕಾರದ ಪುಟ್ಟ ಊದುವಾದ್ಯಗಳು) ಊದುತ್ತಾರೆ. ಈ ಮೂರನ್ನೂ ಒಂದೇ ಸಂಜೆ ಕೇಳಿಸಲು ಒಂದು ಗಂಟೆಯೂ ಬೇಡ. ಆಗ ‘ಆಟ್ಮೋಸ್ಫೇರ್’ ಒಂಟಿ ವಿಚಿತ್ರವಾಗಿ ಉಳಿಯದೆ, ಶ್ರುತಿಯನ್ನು ಜೀವಮಾನವಿಡೀ ಪ್ರಶ್ನಿಸಿದವರ ನಡುಹಾದಿಯ ಕೃತಿಯಾಗಿ ಅರ್ಥವಾಗುತ್ತದೆ.

ಪ್ರಶ್ನೆ ಕೇಳಿದವರು:
ಮೊದಲ ಇಬ್ಬರ ಉತ್ತರಗಳಿಗಿಂತಲೂ ಮೂರನೆಯ ಉತ್ತರದ ಹಾರ್ನ್‌ಗಳಿಂದ ವಯಲಿನ್ ಕನ್ಸರ್ಟೊವರೆಗಿನ ಈ ನಂಟು ನನ್ನ ಪ್ರಶ್ನೆಗೆ ನೇರವಾಗಿ ತಾಗಿತು. ‘ಕೊನ್ಸರ್ಟ್ ರೊಮನೆಸ್ಕ್’ನಿಂದ ಆರಂಭಿಸಿ ಅದೇ ಕ್ರಮದಲ್ಲಿ ಕೇಳುತ್ತೇನೆ.